ದುಡಿಮೆಯ ನಡುವೆ ಅನ್ವಯಿಕ ಗಣಿತ: ಬಾಳೆಗುಳಿಯಿಂದ ಹೊರಡುವ ದಾರಿಗಳು

ಅಂಕೋಲೆ ಪೇಟೆಗೆ ಹತ್ತಿರದ ಬಾಳೆಗುಳಿ ಕ್ರಾಸಿನಲ್ಲಿ, ಹುಬ್ಬಳ್ಳಿಯಿಂದ ಘಟ್ಟ ಇಳಿದು ಬಂದ ಹೆದ್ದಾರಿ ಕರಾವಳಿಯ ಹೆದ್ದಾರಿಯನ್ನು ಸೇರುತ್ತದೆ. ಅಲ್ಲಿಂದ ಬಡಗಣಕ್ಕೆ ಕಾರವಾರ, ಅದರಾಚೆ ಗೋವಾ. ತೆಂಕಣಕ್ಕೆ ಕುಮಟಾ, ಹೊನ್ನಾವರ, ಮಂಗಳೂರು. ಮೂಡಣಕ್ಕೆ ಅರಬೈಲು ಘಟ್ಟ, ಯಲ್ಲಾಪುರ, ಹುಬ್ಬಳ್ಳಿ, ಧಾರವಾಡ. ಈ ಮೂರೂ ದಾರಿಗಳಲ್ಲಿ ಗಣಿತದ ಎಂ.ಎಸ್‌ಸಿ. ಕಲಿಸುವ ವಿಶ್ವವಿದ್ಯಾಲಯಗಳಿವೆ: ಪಣಜಿ ಬಳಿಯ ಗೋವಾ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಮನೆ ಬಿಟ್ಟು ಹಾಸ್ಟೆಲಿಗೆ ಹೋಗಬಲ್ಲ ಇಪ್ಪತ್ತೊಂದರ ಹುಡುಗನಿಗೋ ಹುಡುಗಿಗೋ ಈ ನಕ್ಷೆ ಸಾಕು. ಬೆಳಿಗ್ಗೆ ಕೆಲಸಕ್ಕೆ ಹಾಜರಾಗಲೇಬೇಕಾದವರಿಗೆ ಇದರಿಂದ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದನ್ನು ಒಮ್ಮೆ ಕೂತು ನೋಡಬೇಕಿದೆ.

ಹಾಗೆ ಕೇಳುವವರು ಈ ಸೀಮೆಯಲ್ಲಿ ಕಡಿಮೆಯೇನಿಲ್ಲ. ಪ್ರೌಢಶಾಲೆಯಲ್ಲಿ ಪಿ.ಸಿ.ಎಂ. ಶಿಕ್ಷಕರಾಗಿ ಸೇರಿದವರಿಗೆ ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗುವ ಆಸೆ, ಅದಕ್ಕೆ ಬಿ.ಎಡ್. ಜೊತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪದವಿ ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ಅದರ ಮೇಲೆ ನೆಟ್ ಅಥವಾ ಕೆ-ಸೆಟ್. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು ಹಗಲಿರುಳು ನಡೆಯುತ್ತವೆ. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. ಅಂಥ ಓಟದ ಹಿಂದೆ ಪಾಳಿಯ ಮೇಲೆ ದುಡಿಯುವ ಎಂಜಿನಿಯರುಗಳು, ತಂತ್ರಜ್ಞರು ಇದ್ದಾರೆ. ಅವರಲ್ಲಿ ಕೆಲವರಿಗೆ ತಾವು ದಿನವೂ ಬಳಸುವ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಯಾವ ಸಮೀಕರಣ ಕೂತಿದೆ ಎಂದು ತಿಳಿಯುವ ಹಂಬಲ. ಬ್ಯಾಂಕು, ಬಂದರು, ಕೊಂಕಣ ರೈಲ್ವೆ, ಸೀಬರ್ಡ್ ನೌಕಾನೆಲೆಯ ಗುತ್ತಿಗೆ ಕೆಲಸಗಳಲ್ಲೂ ಬಿ.ಎಸ್‌ಸಿ. ಮುಗಿಸಿ ಗಣಿತವನ್ನು ಅರ್ಧಕ್ಕೆ ಬಿಟ್ಟುಬಂದವರು ಸಿಗುತ್ತಾರೆ. ಬಡ್ತಿಗಾಗಿ ಓದುವವರನ್ನೂ ಹಂಬಲಕ್ಕಾಗಿ ಓದುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇಬ್ಬರಿಗೂ ಬೇಕಾದ ದಾರಿ ಬೇರೆ.

ಮೊದಲು ರೆಗ್ಯುಲರ್ ಎಂ.ಎಸ್‌ಸಿ. ಮಾತು. ನಮ್ಮ ಜಿಲ್ಲೆ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ್ದು. 1949ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ಕುಲಪತಿಯಾಗಿ ಕಟ್ಟಿ ನಿಲ್ಲಿಸಿದ ಡಿ.ಸಿ. ಪಾವಟೆಯವರು ಸ್ವತಃ ಗಣಿತದವರು, ಗೋಕಾಕ ಸೀಮೆಯಿಂದ ಕೇಂಬ್ರಿಜ್‌ಗೆ ಹೋಗಿ ರ‍್ಯಾಂಗ್ಲರ್ ಆಗಿ ಬಂದವರು. ಆ ಪರಂಪರೆಯ ವಿಭಾಗದಲ್ಲಿ ಕೂತು ಕಲಿಯುವುದು ಯಾರಿಗಾದರೂ ಭಾಗ್ಯವೇ. ಆದರೆ ರೆಗ್ಯುಲರ್ ಕೋರ್ಸಿಗೆ ಶೇ 75 ಹಾಜರಿ ಬೇಕು, ತರಗತಿಗಳು ಕೆಲಸದ ದಿನಗಳಲ್ಲೇ ನಡೆಯುತ್ತವೆ, ಬಾಳೆಗುಳಿಯಿಂದ ಹುಬ್ಬಳ್ಳಿ ತಲುಪಲಿಕ್ಕೇ ಬಸ್ಸಿನಲ್ಲಿ ಮೂರು ಮೂರೂವರೆ ಗಂಟೆ ಹಿಡಿಯುತ್ತದೆ. ಕಾರವಾರದಿಂದ ರೈಲಿನಲ್ಲಿ ಗೋವಾಕ್ಕೆ ಹೋಗಿ ಬರುವುದು ದೂರದ ಲೆಕ್ಕದಲ್ಲಿ ಸುಲಭ, ನೌಕರಿಯ ಲೆಕ್ಕದಲ್ಲಿ ಅಷ್ಟೇ ಕಷ್ಟ. ವೇತನರಹಿತ ರಜೆಯೋ ಅಧ್ಯಯನ ರಜೆಯೋ ಸಿಕ್ಕವರು ಹಿಂದೆಮುಂದೆ ನೋಡದೆ ಹೋಗಲಿ. ಉಳಿದವರಿಗೆ ಈ ಬಾಗಿಲು ಮುಚ್ಚಿದಂತೆಯೇ.

ದೂರಶಿಕ್ಷಣದಲ್ಲಿ ಎರಡು ಹೆಸರು ಮುಖ್ಯ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದಲ್ಲಿ ಅದರ ಅನ್ವಯಗಳ ಕುರಿತು ಎಂ.ಎಸ್‌ಸಿ. ನಡೆಸುತ್ತದೆ. ನಮ್ಮ ವಿಷಯಕ್ಕೆ ಇದು ಬಹಳ ಹತ್ತಿರದ್ದು. ಲೀನಿಯರ್ ಆಲ್ಜೀಬ್ರಾ, ರಿಯಲ್ ಮತ್ತು ಕಾಂಪ್ಲೆಕ್ಸ್ ಅನಾಲಿಸಿಸ್, ಡಿಫರೆನ್ಷಿಯಲ್ ಈಕ್ವೇಶನ್ನುಗಳು ಮತ್ತು ಅವುಗಳ ಸಂಖ್ಯಾತ್ಮಕ ಪರಿಹಾರ, ಸಂಭಾವ್ಯತೆ, ಗಣಿತೀಯ ಮಾದರಿ ರಚನೆ, ಗ್ರಾಫ್ ಸಿದ್ಧಾಂತ, ಗೂಢಲಿಪಿ ಶಾಸ್ತ್ರ, ಕೊನೆಗೆ ಒಂದು ಪ್ರಾಜೆಕ್ಟ್. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷಕ್ಕೆ ಎಳೆದುಕೊಳ್ಳಲು ಅವಕಾಶವಿದೆ. ದುಡಿಯುವವರಿಗೆ ಈ ಸಡಿಲಿಕೆಯೇ ದೊಡ್ಡ ಉಪಕಾರ. ಆದರೆ ಪ್ರಯೋಗದ ತರಗತಿಗಳಿರುವುದರಿಂದ ಎಲ್ಲ ಅಧ್ಯಯನ ಕೇಂದ್ರಗಳಲ್ಲೂ ಇದು ಸಿಗುವುದಿಲ್ಲ. ಅರ್ಜಿ ತುಂಬುವ ಮೊದಲೇ ಯಾವ ಊರಿನ ಕೇಂದ್ರ, ಪರೀಕ್ಷೆ ಎಲ್ಲಿ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇನ್ನೊಂದು, 1996ರಲ್ಲಿ ಆರಂಭವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಅಲ್ಲಿಯ ಎಂ.ಎಸ್‌ಸಿ. ಗಣಿತ ಹೆಚ್ಚು ಸಾಂಪ್ರದಾಯಿಕ. ಉಪನ್ಯಾಸಕ ಹುದ್ದೆ ಬಯಸುವವರಿಗೆ ನೇರ ಹೊಂದುತ್ತದೆ.

ಮುಕ್ತ ವಿಶ್ವವಿದ್ಯಾಲಯದ ಹೆಸರು ಹೇಳುವಾಗ ಅಲ್ಲಿನ ವಿದ್ಯಾರ್ಥಿಗಳು ಪಟ್ಟ ಸಂಕಟವನ್ನೂ ಹೇಳಲೇಬೇಕು. 2013-14ರಿಂದ ಆಚೆಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು; ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಹಗಲು ದುಡಿದು ರಾತ್ರಿ ಓದಿದವರು ಕೈಯಲ್ಲಿ ಅಂಕಪಟ್ಟಿ ಹಿಡಿದು ಅತಂತ್ರರಾದರು. ತಪ್ಪು ಅವರದಾಗಿರಲಿಲ್ಲ. ಈಗ ದೂರಶಿಕ್ಷಣಕ್ಕೆ ಸೇರುವ ಪ್ರತಿಯೊಬ್ಬರೂ ಯುಜಿಸಿಯ ದೂರಶಿಕ್ಷಣ ಬ್ಯೂರೋದಲ್ಲಿ ಡೆಬ್ ಐಡಿ ಮಾಡಿಸಿಕೊಳ್ಳಬೇಕು. ಮಾನ್ಯತೆ ಪಡೆದ ದೂರಶಿಕ್ಷಣದ, ಆನ್‌ಲೈನಿನ ಪದವಿಗಳು ರೆಗ್ಯುಲರ್ ಪದವಿಗೆ ಸಮಾನವೆಂದು 2022ರಲ್ಲಿ ಯುಜಿಸಿ ಸ್ಪಷ್ಟವಾಗಿ ಹೇಳಿದೆ. ಆದರೂ ಸರಕಾರಿ ನೌಕರರು ಸೇರುವ ಮೊದಲೇ ಇಲಾಖೆಯ ಎನ್‌ಒಸಿ ಪಡೆದು ಕಡತದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಪದವಿಯ ಹೆಸರಿನಲ್ಲಿ 'ಅನ್ವಯ' ಎಂಬ ಮಾತಿದ್ದರೆ ನೇಮಕಾತಿ ಅಧಿಸೂಚನೆಯಲ್ಲಿ ಅದನ್ನು ಗಣಿತಕ್ಕೆ ಸಮಾನವೆಂದು ಒಪ್ಪಿದ್ದಾರೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಎರಡು ಮೂರು ವರ್ಷದ ಬೆವರಿನ ಪ್ರಶ್ನೆ ಇದು.

ಪದವಿಯ ಹಂಗಿಲ್ಲದೆ ಕಲಿಯಬೇಕೆನ್ನುವವರಿಗೆ ಕಾಲ ಇಷ್ಟು ಅನುಕೂಲವಾಗಿ ಹಿಂದೆಂದೂ ಇರಲಿಲ್ಲ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ನಡೆಸುವ ಎನ್‌ಪಿಟೆಲ್‌ನಲ್ಲಿ ಆಂಶಿಕ ಅವಕಲ ಸಮೀಕರಣ, ಸಂಖ್ಯಾತ್ಮಕ ವಿಧಾನ, ಆಪ್ಟಿಮೈಸೇಶನ್ ಎಲ್ಲದಕ್ಕೂ ಪೂರ್ತಿ ಪಾಠಗಳಿವೆ. ಕಲಿಯಲು ಹಣ ಕೊಡಬೇಕಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಪಾಠಗಳನ್ನು ಅಂಕೋಲೆಯ ಮನೆಯೊಂದರಲ್ಲಿ ರಾತ್ರಿ ಹತ್ತಕ್ಕೆ ಕೂತು ನೋಡಬಹುದು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಗಳು ದುಡಿಯುವವರಿಗೆಂದೇ ದೂರದಿಂದ ಗಣಿತದ ಸ್ನಾತಕೋತ್ತರ ಪದವಿ ಕೊಡುತ್ತವೆ. ಅವುಗಳ ಶುಲ್ಕ ನಮ್ಮ ಸಂಬಳಕ್ಕೆ ಎಟುಕುವಂಥದ್ದಲ್ಲ. ವಿದೇಶದಲ್ಲಿ ನೆಲೆಸಿದ ನಮ್ಮ ಊರಿನ ಮಕ್ಕಳಿಗೆ ಅವು ಒಳ್ಳೆಯ ಆಯ್ಕೆ.

ಇಷ್ಟೆಲ್ಲ ಇದ್ದೂ ಸೇರಿದವರಲ್ಲಿ ಎಷ್ಟೋ ಮಂದಿ ನಡುದಾರಿಯಲ್ಲಿ ಕೈಚೆಲ್ಲುತ್ತಾರೆ. ಸಮಯವಿಲ್ಲ ಎಂಬುದು ಎಲ್ಲರೂ ಕೊಡುವ ಕಾರಣ. ಅದು ನಿಜ, ಅದರಲ್ಲೂ ಹೆಣ್ಣುಮಕ್ಕಳಿಗೆ ಶಾಲೆಯ ಕೆಲಸದ ಮೇಲೆ ಮನೆಗೆಲಸ, ಅದರ ಮೇಲೆ ಮಕ್ಕಳ ಪರೀಕ್ಷೆ. ಮಳೆಯೂ ಕಾರಣ. ಇಗ್ನೋದ ಅವಧಿ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನ್ ಎಂದರೆ ಇಲ್ಲಿ ಮುಂಗಾರು ಒಡೆಯುವ ಹೊತ್ತು. 2021ರ ಜುಲೈನಲ್ಲಿ ಅರಬೈಲು ಘಟ್ಟ ಕುಸಿದು ಹುಬ್ಬಳ್ಳಿಯ ದಾರಿ ಕಡಿಯಿತು. ಘಟ್ಟದಾಚೆ ಪರೀಕ್ಷಾ ಕೇಂದ್ರ ಹಾಕಿಸಿಕೊಳ್ಳುವ ಮುನ್ನ ಇದನ್ನು ನೆನೆಯಬೇಕು. ಸಾಧ್ಯವಾದರೆ ಭಾರದ ವಿಷಯಗಳನ್ನು ಡಿಸೆಂಬರಿಗೆ ಇಟ್ಟುಕೊಳ್ಳಬೇಕು. ಆದರೆ ಇವೆಲ್ಲಕ್ಕಿಂತ ಆಳದ ಕೊರತೆಯೊಂದಿದೆ ಎಂದು ನನಗನ್ನಿಸುತ್ತದೆ. ಅದು ಜೊತೆಯ ಕೊರತೆ.

ರಿಯಲ್ ಅನಾಲಿಸಿಸ್ ಪುಸ್ತಕದಲ್ಲಿ ಒಂದು ಸಾಧನೆಯನ್ನು ಓದಿ ಅರ್ಥವಾಯಿತು ಅಂದುಕೊಳ್ಳುವುದು ಸುಲಭ. ಮರುದಿನ ಪುಸ್ತಕ ಮುಚ್ಚಿಟ್ಟು ಹಲಗೆಯ ಮೇಲೆ ಬರೆಯಹೊರಟರೆ ಮೂರನೆಯ ಸಾಲಿಗೇ ಕೈ ನಿಲ್ಲುತ್ತದೆ. ಏಕರೂಪ ಅಭಿಸರಣೆ ಯಾಕೆ ಬೇಕಾಯಿತು, ಬರಿಯ ಅಭಿಸರಣೆ ಯಾಕೆ ಸಾಲಲಿಲ್ಲ ಎಂದು ಕೇಳುವವರು ಎದುರಿಗೆ ಇದ್ದಾಗ ಮಾತ್ರ ಆ ತೊಡಕು ಬಯಲಾಗುತ್ತದೆ. ರೆಗ್ಯುಲರ್ ವಿದ್ಯಾರ್ಥಿಗೆ ಪಾಠಕ್ಕಿಂತ ಹೆಚ್ಚಾಗಿ ಹಾಸ್ಟೆಲಿನ ಪಕ್ಕದ ಕೋಣೆ ಇದನ್ನು ಕೊಡುತ್ತದೆ. ದೂರಶಿಕ್ಷಣದ ವಿದ್ಯಾರ್ಥಿ ಅಸೈನ್‌ಮೆಂಟ್ ಬರೆದು ಕಳಿಸುತ್ತಾನೆ, ತಿಂಗಳುಗಳ ಮೇಲೆ ಒಂದು ಅಂಕ ಬರುತ್ತದೆ. ಎಲ್ಲಿ ಎಡವಿದೆ ಎಂಬುದು ಗೊತ್ತಾಗುವುದೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಇನ್ನೊಂದು ಪದರ. ಅವರು ಗಣಿತವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಬಿಡಿಸಿ, ಉತ್ತರಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಜೋರಾಗಿ ಮಾತಾಡಿ ತಿದ್ದಿಕೊಳ್ಳಲು ಒಬ್ಬರಾದರೂ ಬೇಕು.

ಈ ಕೊರತೆ ಹೊಸದಲ್ಲ. ಇದಕ್ಕೆ ಮದ್ದು ಹುಡುಕಿದವರೂ ಇದ್ದಾರೆ. ಬಾಳೆಗುಳಿಯಿಂದ ಹುಬ್ಬಳ್ಳಿಗೆ ಹೋಗುವ ರಸ್ತೆ ಹಳೆಯ ಎಣಿಕೆಯಲ್ಲಿ ರಾಷ್ಟ್ರೀಯ ಹೆದ್ದಾರಿ 63. ಅದು ಹೊಸಪೇಟೆ, ಬಳ್ಳಾರಿ ದಾಟಿ ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಮುಗಿಯುತ್ತಿತ್ತು. ಅದೇ ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಎಂಬವರು ಗಣಿತದ ಪುಸ್ತಕ, ಪತ್ರಿಕೆಗಳು ಸಿಗದೆ ಕಂಗೆಟ್ಟಿದ್ದರು. ಕಚೇರಿ ಕೆಲಸದ ನಡುವೆ ಗಣಿತ ಮಾಡುತ್ತಿದ್ದ ಅವರು ದೇಶದ ಬೇರೆಬೇರೆ ಊರುಗಳಲ್ಲಿ ತಮ್ಮಂತೆಯೇ ಒಂಟಿಯಾಗಿದ್ದ ಗಣಿತಪ್ರಿಯರಿಗೆ ಪತ್ರ ಬರೆದು, ಚಂದಾ ಕೂಡಿಸಿ ಪತ್ರಿಕೆಗಳನ್ನು ತರಿಸೋಣ, ಅಂಚೆಯಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸೋಣ ಎಂದರು. 1907ರ ಏಪ್ರಿಲಿನಲ್ಲಿ ಅದು ಅನಲಿಟಿಕ್ ಕ್ಲಬ್ ಆಗಿ ಶುರುವಾಯಿತು; ಇಂದಿನ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಅದೇ. ರಾಮಾನುಜನ್ನರ ಮೊದಲ ಪ್ರಬಂಧ 1911ರಲ್ಲಿ ಪ್ರಕಟವಾದದ್ದು ಈ ಸೊಸೈಟಿಯ ಪತ್ರಿಕೆಯಲ್ಲಿ. ಮುಂದೆ ಅವರು ಮದ್ರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, ಅಲ್ಲಿಯ ಮುಖ್ಯ ಲೆಕ್ಕಿಗರಾಗಿದ್ದ, ಸೊಸೈಟಿಯ ಖಜಾಂಚಿಯೂ ಆಗಿದ್ದ ನಾರಾಯಣ ಅಯ್ಯರ್ ಸಂಜೆ ಹೊತ್ತು ಅವರ ಜೊತೆ ಕೂತು ಸ್ಲೇಟಿನ ಮೇಲೆ ಲೆಕ್ಕ ಮಾಡುತ್ತಿದ್ದರು. ಮಹಾಪ್ರತಿಭೆಯ ಕಥೆಯಾಗಿ ನಾವು ರಾಮಾನುಜನ್ನರನ್ನು ಹೇಳುತ್ತೇವೆ. ಆ ಕಥೆಯೊಳಗೆ ಕಚೇರಿ ಮುಗಿದ ಮೇಲೂ ಜೊತೆಗೆ ಕೂತ ಒಬ್ಬ ಸಹೋದ್ಯೋಗಿ ಇದ್ದಾರೆ ಎಂಬುದನ್ನು ಮರೆಯುತ್ತೇವೆ.

ಆ ಕ್ಲಬ್ಬಿನ ಪುಸ್ತಕಭಂಡಾರ ನೆಲೆ ಕಂಡುಕೊಂಡದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅದೇ ಕಾಲೇಜಿನಲ್ಲಿ ಗೋಪಾಲಕೃಷ್ಣ ಗೋಖಲೆಯವರು ಗಣಿತ ಕಲಿಸಿದ್ದರು, ಅಂಕಗಣಿತದ ಪಠ್ಯಪುಸ್ತಕವನ್ನೂ ರಚಿಸಿದ್ದರು. ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದವರು ನಮ್ಮ ದಿನಕರ ದೇಸಾಯಿ. 1953ರಲ್ಲಿ ಅವರು ಆರಂಭಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಕಾಲೇಜು ಅಂಕೋಲೆಯಲ್ಲಿ ಗೋಖಲೆಯವರ ಜನ್ಮಶತಾಬ್ದಿಯ 1966ರಲ್ಲಿ ತೆರೆದು ಅವರ ಹೆಸರನ್ನೇ ಹೊತ್ತಿದೆ. ಗಣಿತದ ಮೇಷ್ಟರೊಬ್ಬರ ಹೆಸರಿನ ಕಾಲೇಜು ಬಾಳೆಗುಳಿಯ ಕೂಗಳತೆಯಲ್ಲಿದೆ ಎಂಬುದು ನನಗೆ ತುಂಬ ಅರ್ಥದ ಸಂಗತಿ.

ಇನ್ನು, ಅನ್ವಯಿಕ ಗಣಿತಕ್ಕೆ ಜೊತೆಯಷ್ಟೇ ಬೇಕಾದದ್ದು ಸಮಸ್ಯೆ. ಇಲ್ಲಿ ದುಡಿಯುವವರ ಕೈ ಮೇಲು. ಡಬ್ಲಿನ್ನಿನ ಗಿನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗೊಸೆಟ್‌ಗೆ ಕೆಲವೇ ಮಾದರಿಗಳಿಂದ ಇಡೀ ಬಾರ್ಲಿಯ ಗುಣ ಹೇಳಬೇಕಾದ ಕಷ್ಟವಿತ್ತು. ಅದನ್ನು ಹಿಡಿದುಕೊಂಡು ಲಂಡನ್ನಿನಲ್ಲಿ ಕಾರ್ಲ್ ಪಿಯರ್ಸನ್ನರ ಪ್ರಯೋಗಾಲಯಕ್ಕೆ ಹೋಗಿ ಕಲಿತು, 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಪ್ರಬಂಧ ಬರೆದ. ಇಂದು ಜಗತ್ತಿನ ಪ್ರತಿ ಸಂಖ್ಯಾಶಾಸ್ತ್ರ ತರಗತಿಯಲ್ಲೂ ಕಲಿಸುವ ಟಿ-ಪರೀಕ್ಷೆ ಹುಟ್ಟಿದ್ದು ಹಾಗೆ.

ಕಾರವಾರ, ಅಂಕೋಲೆಗಳಲ್ಲಿ ಅಂಥ ಸಮಸ್ಯೆಗಳು ಕಣ್ಣೆದುರಿಗೇ ಇವೆ. ಕಡಲಿನ ಉಬ್ಬರವಿಳಿತವನ್ನೇ ನೋಡಿ. ದಿನಕ್ಕೆರಡು ಭರತಿ ಬರುತ್ತವೆ, ಎರಡೂ ಒಂದೇ ಎತ್ತರದವಲ್ಲ. ಚಂದ್ರನಿಂದ ಹುಟ್ಟುವ ಮುಖ್ಯ ಅಲೆಯ ಅವಧಿ 12 ಗಂಟೆ 25 ನಿಮಿಷ, ಸೂರ್ಯನದು ಸರಿಯಾಗಿ 12 ಗಂಟೆ. ಇಂಥ ಹತ್ತಾರು ಸೈನ್ ಅಲೆಗಳನ್ನು ಕೂಡಿಸಿದರೆ ಮುಂದಿನ ವರ್ಷದ ಭರತಿಯನ್ನು ಇಂದೇ ಹೇಳಬಹುದು. ಈ ಕೂಡಿಕೆಗಾಗಿ ಲಾರ್ಡ್ ಕೆಲ್ವಿನ್ ಯಂತ್ರವನ್ನೇ ರೂಪಿಸಿದ್ದ. ಭಾರತದ ಬಂದರುಗಳಿಗೆಂದು 1879ರಲ್ಲಿ ಅಂಥದೊಂದು ಯಂತ್ರ ತಯಾರಾಗಿತ್ತು. ಫೂರಿಯೇ ಸರಣಿಯನ್ನು ಪುಸ್ತಕದಲ್ಲಿ ಓದಿ ಬೇಸತ್ತವರು ಬಂದರಿನ ನೀರಿನ ಮಟ್ಟದ ಒಂದು ತಿಂಗಳ ದಾಖಲೆ ಹಿಡಿದು ಕೂರಲಿ. ಅದೇ ಸರಣಿ ಜೀವ ತಳೆಯುತ್ತದೆ. ಕೈಗಾ ಸ್ಥಾವರ ತಂಪು ನೀರನ್ನು ಕದ್ರಾ ಜಲಾಶಯದಿಂದ ಪಡೆಯುತ್ತದೆ, ಬೆಚ್ಚಗಾದ ನೀರು ಮರಳಿ ಅಲ್ಲಿಗೇ. ಆ ಬಿಸಿ ಕಾಳಿ ನದಿಯ ನೀರಿನಲ್ಲಿ ಹೇಗೆ ಹರಡುತ್ತದೆ ಎಂಬುದು ಹರಿವು ಮತ್ತು ವಿಸರಣೆ ಎರಡನ್ನೂ ಹೊತ್ತ ಆಂಶಿಕ ಅವಕಲ ಸಮೀಕರಣ. ಇಂಥ ಹರಿವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದ ಬುಡದಲ್ಲಿರುವ 1954ರ ಬಿಜಿಕೆ ಸೂತ್ರದ ಮೊದಲಕ್ಷರ ಪಿ.ಎಲ್. ಭಟ್ನಾಗರ್ ಅವರದು. 1956ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅನ್ವಯಿಕ ಗಣಿತ ವಿಭಾಗ ಕಟ್ಟಿದವರು ಅವರೇ. ಕನ್ನಡ ನಾಡಿನಲ್ಲಿ ಈ ಶಾಸ್ತ್ರಕ್ಕೆ ಅಷ್ಟು ಗಟ್ಟಿ ಬೇರಿದೆ.

ಇಂಥದೇ ಇನ್ನೊಂದು ಸಮಸ್ಯೆ ಅಂಕೋಲೆ ತಾಲೂಕಿನದೇ ಊರಾದ ಶಿರೂರಿನದು. 2024ರ ಜುಲೈ 16ರ ಬೆಳಿಗ್ಗೆ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು ರಸ್ತೆಯನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ಜೀವಗಳು ಹೋದವು, ಮಣ್ಣು ಮತ್ತು ನೀರಿನಡಿ ಹುಡುಕಾಟ ಸೆಪ್ಟೆಂಬರಿನವರೆಗೂ ನಡೆಯಿತು. ಮಳೆ ನೀರು ಅರೆತೇವದ ಮಣ್ಣಿನೊಳಗೆ ಇಳಿಯುವುದನ್ನು ಹೇಳುವ ಸಮೀಕರಣವನ್ನು ಲೊರೆಂಜೊ ರಿಚರ್ಡ್ಸ್ 1931ರಲ್ಲೇ ಬರೆದಿದ್ದಾನೆ. ನೀರು ತುಂಬುತ್ತಾ ಹೋದಂತೆ ಮಣ್ಣಿನ ರಂಧ್ರಗಳ ಒತ್ತಡ ಏರುತ್ತದೆ, ಕಣಗಳ ಹಿಡಿತ ಸಡಿಲವಾಗುತ್ತದೆ. ಹಿಡಿದಿಡುವ ಬಲ ಜಾರಿಸುವ ಬಲಕ್ಕಿಂತ ಕಡಿಮೆಯಾದ ಗಳಿಗೆಯಲ್ಲಿ ಗುಡ್ಡ ಇಳಿಯುತ್ತದೆ. ಎಷ್ಟು ದಿನದಲ್ಲಿ ಎಷ್ಟು ಮಳೆ ಬಿದ್ದರೆ ಯಾವ ಇಳಿಜಾರು ಆ ಗಳಿಗೆಯನ್ನು ಮುಟ್ಟುತ್ತದೆ ಎಂದು ಲೆಕ್ಕ ಹಾಕುವುದು ಸ್ನಾತಕೋತ್ತರ ಪ್ರಾಜೆಕ್ಟಿನ ಅಳವಿಗೆ ಸಿಗುವ ಕೆಲಸ. ಅದನ್ನು ಮಾಡುವವರು ಇದೇ ರಸ್ತೆಯಲ್ಲಿ ದಿನವೂ ಓಡಾಡುವವರಾಗಿದ್ದರೆ, ಮಣ್ಣು ಎಲ್ಲಿ ಬಿರುಕು ಬಿಟ್ಟಿದೆ, ಒರತೆ ಎಲ್ಲಿ ಎದ್ದಿದೆ ಎಂದು ಬಲ್ಲವರಾಗಿದ್ದರೆ, ಆ ಲೆಕ್ಕಕ್ಕೆ ಬರುವ ಬೆಲೆಯೇ ಬೇರೆ. ಒಬ್ಬ ಶಿಕ್ಷಕಿಯೋ ಲೋಕೋಪಯೋಗಿ ಇಲಾಖೆಯ ಎಂಜಿನಿಯರೋ ಇಂಥ ವಿಷಯ ಕೈಗೆತ್ತಿಕೊಂಡರೆ ಪದವಿ ಅದರ ಹಿಂದೆ ಬರುತ್ತದೆ.

ಆಮೇಲೆ ಸಂಶೋಧನೆಗೂ ದಾರಿ ಉಂಟು. ಪಿಎಚ್.ಡಿ.ಯನ್ನು ಅರೆಕಾಲಿಕವಾಗಿ ಮಾಡಲು ಯುಜಿಸಿ ನಿಯಮಗಳು ಒಪ್ಪುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದ್ಯೋಗಸ್ಥರಿಗಾಗಿ ಬಾಹ್ಯ ನೋಂದಣಿಯ ಕ್ರಮವಿದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಗಣಿತ ಮತ್ತು ಗಣನ ವಿಜ್ಞಾನಗಳಿಗೆಂದೇ ವಿಭಾಗವಿದೆ. 2016ರಿಂದ ಧಾರವಾಡದಲ್ಲಿ ಐಐಟಿಯೂ ಇದೆ. ಅವುಗಳ ಬಾಗಿಲು ತಟ್ಟುವ ಮೊದಲು ಕೈಯಲ್ಲಿ ಒಂದು ಸಮಸ್ಯೆ, ಅದರ ಅರ್ಧ ಲೆಕ್ಕ ಇದ್ದರೆ ಮಾರ್ಗದರ್ಶಕರು ಸಿಗುವುದು ಸುಲಭ.

ಜೊತೆಯ ಮಾತಿಗೆ ಬಂದರೆ, ಅಂಕೋಲೆಯಲ್ಲೋ ಕಾರವಾರದಲ್ಲೋ ಒಂದು ಕಾಲೇಜು ಭಾನುವಾರ ಬೆಳಿಗ್ಗೆ ಒಂದು ಕೋಣೆ, ಒಂದು ಕಪ್ಪು ಹಲಗೆ ಬಿಟ್ಟುಕೊಟ್ಟರೆ ಆರಂಭಕ್ಕೆ ಸಾಕು. ಇಗ್ನೋದವರು, ಮುಕ್ತ ವಿಶ್ವವಿದ್ಯಾಲಯದವರು, ಕೆ-ಸೆಟ್‌ಗೆ ಓದುವವರು, ಕೈಗಾದಲ್ಲಿ ಪಾಳಿ ಮುಗಿಸಿ ಬಂದವರು ಎಲ್ಲರೂ ಬರಬಹುದು. ಭಾಷಣ ಬೇಡ. ಪ್ರತಿ ವಾರ ಒಬ್ಬರು ಒಂದು ಪ್ರಮೇಯವನ್ನೋ ಒಂದು ಲೆಕ್ಕವನ್ನೋ ಪುಸ್ತಕ ನೋಡದೆ ಹಲಗೆಯ ಮೇಲೆ ಮಾಡಬೇಕು, ಉಳಿದವರು ನಡುವೆ ತಡೆದು ಕೇಳಬೇಕು, ಕನ್ನಡದಲ್ಲೇ ಕೇಳಬೇಕು. ನಿವೃತ್ತ ಗಣಿತ ಪ್ರಾಧ್ಯಾಪಕರು ಈ ಎರಡೂ ತಾಲೂಕುಗಳಲ್ಲಿದ್ದಾರೆ, ಕರೆದರೆ ಬರುತ್ತಾರೆ. ಮಳೆಗಾಲದಲ್ಲಿ ಬಸ್ಸು ತಪ್ಪಿದವರಿಗಾಗಿ ಹಲಗೆಯನ್ನು ಫೋನಿನಲ್ಲಿ ತೋರಿಸಬಹುದು. ಮೊದಲ ಮೂರು ತಿಂಗಳು ಲೀನಿಯರ್ ಆಲ್ಜೀಬ್ರಾ ಒಂದನ್ನೇ ಹಿಡಿಯುವುದು ಒಳ್ಳೆಯದು. ಭರತಿಯ ಲೆಕ್ಕಕ್ಕೂ ಜಲಾಶಯದ ಲೆಕ್ಕಕ್ಕೂ ಇಳಿಜಾರಿನ ಲೆಕ್ಕಕ್ಕೂ ಕೊನೆಯಲ್ಲಿ ಬಿಡಿಸಬೇಕಾದದ್ದು ದೊಡ್ಡದೊಂದು ಮ್ಯಾಟ್ರಿಕ್ಸನ್ನು. ಎಲ್ಲ ಕೋರ್ಸುಗಳ ಮೊದಲ ವರ್ಷದ ಪತ್ರಿಕೆಯಲ್ಲೂ ಅದು ಇದೆ.